ಎಷ್ಟನೇ ನಂಬರು

“ಹಿಡ್ದ! ನೋಡಿ, ಮತ್ತೆ ಹಿಡ್ದ!”

ಸಾಂತಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಕುಕ್ಕಿದ ರಭಸಕ್ಕೆ, ಬಿಚ್ಚಿಟ್ಟಿದ್ದ ಕಾರ್ಬರೇಟರಿನ ಸಣ್ಣ ಸ್ಪ್ರಿಂಗೊಂದು ಹಾರಿ ಎಲ್ಲೋ ಬಿತ್ತು. ಅವನು ಅತ್ತ ತಿರುಗಲೂ ಇಲ್ಲ. ಗೋಡೆಯ ಟಿ.ವಿ.ಯಲ್ಲಿ ಕೆಂಗೂದಲ ಹುಡುಗನೊಬ್ಬ ಎದುರಾಳಿಯ ಬೆನ್ನಿಗೆ ಮೊಣಕಾಲು ಕೊಟ್ಟು ಮೇಲಕ್ಕೆ ಚಿಮ್ಮಿ, ಮೊಟ್ಟೆಯಾಕಾರದ ಚೆಂಡನ್ನು ಎರಡೂ ಕೈಯಿಂದ ಮರದ ಹಣ್ಣು ಕೊಯ್ದ ಹಾಗೆ ಕೊಯ್ದುಕೊಂಡು ಇಳಿದಿದ್ದ; ಆ ಆಟದಲ್ಲಿ ಅದಕ್ಕೆ ‘ಮಾರ್ಕ್’ ಎನ್ನುತ್ತಾರೆ. ಟೋಬಿ ಹ್ಯಾಸ್ಕೆಟ್ ಎಂಬ ಹತ್ತೊಂಬತ್ತರ ಆ ಫಾರ್ವರ್ಡ್ ಈಗ ನಿಧಾನವಾಗಿ ಸಾಕ್ಸ್ ಏರಿಸಿಕೊಂಡು, ನಾಲ್ಕು ಕಂಬಗಳ ನಡುವೆ ಚೆಂಡನ್ನು ಒದೆಯಲು ಅಣಿಯಾಗುತ್ತಿದ್ದ.

“ಇವ ನಮ್ಮವ ಆಗೊಕಿತ್ತು,” ಎಂದ ಸಾಂತಪ್ಪ, ಹೊಟ್ಟೆಯುರಿಯಿಂದ.

ನಮ್ಮವರು ಎಂದರೆ ವೆಸ್ಟ್‌ಹೇವನ್ ಎಂಬ ತಂಡ, ಚೆಂಡನ್ನು ಕೈಯಲ್ಲೂ ಹಿಡಿಯಬಹುದಾದ ಆಸ್ಟ್ರೇಲಿಯಾದ ಫುಟ್‌ಬಾಲ್ ಆಡುವವರು. ನಾಪೋಕ್ಲಿನ ಪೇಟೆಯಲ್ಲಿ, ಔಷಧಿ ಹೊಡೆಯುವ ಪಂಪು ಮತ್ತು ಕಳೆ ಕತ್ತರಿಸುವ ಮೆಷಿನು ರಿಪೇರಿ ಮಾಡುವ ಈ ಅಂಗಡಿಗೂ ಆ ತಂಡಕ್ಕೂ ನಂಟು ಬೆಳೆದದ್ದು ಕೊರೊನಾ ಕಾಲದಲ್ಲಿ. ಲೋಕದ ಆಟಗಳೆಲ್ಲ ನಿಂತುಹೋಗಿದ್ದಾಗ ಎಲ್ಲಿಂದಲೋ ಇದೊಂದು ಕಾಣಿಸಿಕೊಂಡಿತು. ಮೊದಲ ವಾರ ನಕ್ಕರು, ಎರಡನೆಯ ವಾರ ನಿಯಮ ತಿಳಿದರು, ಮೂರನೆಯ ವಾರ ಅಂಪೈರಿಗೆ ಬೈದರು. ವೆಸ್ಟ್‌ಹೇವನ್ ಲಾಂಛನದಲ್ಲಿದ್ದ ಹಕ್ಕಿ ನೋಡಲು ಗದ್ದೆಯ ಹುಂಡುಕೋಳಿಯ ಹಾಗಿದ್ದುದರಿಂದ ಅದೇ ತಂಡ ಖಾಯಮ್ಮಾಯಿತು. ಶನಿವಾರ ಆಟ ಶುರುವಾಗುವುದೂ ಅನುಕೂಲದ ಹೊತ್ತಿಗೆ, ಬೆಳಗಿನ ಕಡುಬು ಇಳಿದು ಕೆಲಸಕ್ಕೆ ಮನಸ್ಸು ಬಾರದಿದ್ದಾಗ.

“ಮೂರನೇ ನಂಬರಿಗೆ ಸಿಕ್ತಿದ್ದ ಹುಡ್ಗ ಕಣ್ರೀ,” ಎಂದರು ಪಕ್ಕದ ಅಂಗಡಿಯ ದರ್ಜಿ ಪುಟ್ಟಸ್ವಾಮಿ. ಶನಿವಾರಸಂತೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಅವರು, ಆಟದ ಹೊತ್ತಿಗೆ ಕುತ್ತಿಗೆಯಲ್ಲಿ ಟೇಪು ಸಮೇತ ಇಲ್ಲಿಗೇ ಬಂದುಬಿಡುತ್ತಿದ್ದರು. “ಕಣ್ಮುಂದೇನೇ ಇದ್ದ. ಅವನ್ನ ಬುಟ್ಟು ಆ ತೆಂಗಿನಮರನ ತಗಂಡ್ರಲ್ಲ, ಏನ್ ಹೇಳೋದು ಇವ್ರಿಗೆ!”

ತೆಂಗಿನಮರ ಎಂದರೆ ಲಾಕ್ಲನ್ ಬ್ರೂಮ್. ಎರಡು ವರ್ಷದ ಹಿಂದೆ ಹೊಸ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ದಿನ, ವೆಸ್ಟ್‌ಹೇವನ್‌ನವರು ಮೂರನೆಯದಾಗಿ ತಮ್ಮ ಸರದಿ ಬಂದಾಗ ಟೋಬಿಯನ್ನು ಬಿಟ್ಟು ಬ್ರೂಮನ ಹೆಸರು ಹೇಳಿದ್ದರು. ಅವನು ಆರೂವರೆ ಅಡಿ ಉದ್ದವಿದ್ದ. ಇದುವರೆಗೆ ಒಂದೂ ಗೋಲು ಹೊಡೆದಿರಲಿಲ್ಲ.

“ಉದ್ದ ಇದ್ದವು ನಿಧಾನ ಬೆಳೆಯದ್ ಮಾರಾಯ,” ಎಂದ ಸಾಂತಪ್ಪನ ಗೆಳೆಯನೂ ನೆಂಟನೂ ಆದ ಕೂಸಪ್ಪ, ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕಾಲು ಚಾಚಿ. “ನಾಕ್ ವರ್ಷ ಕಾಯೊಕು.”

“ರೊಬಸ್ಟಾ ಕಾಪಿ ಗಿಡನಾ ಅದ್, ನಾಕ್ ವರ್ಷ ಕಾಯಿಕೆ?” ಸಾಂತಪ್ಪ ಪೂರ್ತಿ ತಿರುಗಿ ಕೂತ. “ಕಣ್ಣ್ ಮುಂದೆ ಬಂದ್ ನಿಂತ ಆಟಗಾರನ್ನ ಗುರ್ತಿಸಿಕೆ ಗೊತ್ತಿಲ್ಲದವು ಎಂತ ಆಯ್ಕೆಗಾರರ್? ಎತ್ತರ ನೋಡ್ದೊ, ಮನೆ ನೋಡ್ದೊ, ಎದುರು ಮಾತಾಡದ್ದ್ ನೋಡಿ ಒಳ್ಳದ್ ಹೇಳಿ ತಕಂಡೊ. ಈಗ ಅನುಭವಿಸೊಕು!”

ಟೋಬಿಯ ಒದೆತ ನಡುಗಂಬಗಳ ನಡುವೆ ಹಾದುಹೋಯಿತು. ಕೂಸಪ್ಪ ಅದನ್ನು ನೋಡಿ ಮುಗಿಸಿ, ಚಹಾದ ಲೋಟವನ್ನು ಕೆಳಗಿಟ್ಟ.

“ಹೌದು ಭಾವ,” ಎಂದ. “ಚೇರಂಬಾಣೆಲಿ ಕಾಪಿ ಕುಡ್ದ್, ಚೆಂಬಿಂದ ಗೂಡೆ ತಂದ ಆಯ್ಕೆಗಾರರೊಬ್ಬರ್ ನಮ್ಮ ಊರ್ಲೂ ಒಳೊ.”

ಪುಟ್ಟಸ್ವಾಮಿಗೆ ಚಹಾ ನೆತ್ತಿಗೇರಿತು. ಸಾಂತಪ್ಪನೂ ಅಭ್ಯಾಸಬಲದಿಂದ ಅರೆ ನಗೆ ನಕ್ಕ. ಗೂಡೆ ಎಂದರೆ ಹುಡುಗಿ, ಚೆಂಬು ಒಂದು ಊರು; ಈ ಮಾತು ಮೂರು ವರ್ಷ ಹಳೆಯದು.

ಪ್ರತಿ ಏಪ್ರಿಲಿನಲ್ಲಿ ಗೌಡ ಕುಟುಂಬಗಳ ನಡುವೆ ನಡೆಯುವ ಕಾಲ್ಚೆಂಡು ಪಂದ್ಯದಲ್ಲಿ ತನ್ನ ಕುಟುಂಬವಾದ ತೊರೆಮಜಲು ಮನೆಯವರ ತಂಡವನ್ನು ಆರಿಸುವವನು ಸಾಂತಪ್ಪ. ಏಳೇಳು ಜನರ ಆಟ. ಮೈದಾನದಲ್ಲಿ ಸದಾ ಒಬ್ಬ ಹೆಣ್ಣುಮಗಳು ಇರಲೇಬೇಕೆಂಬುದು ನಿಯಮ. ಇಲ್ಲಿ ಹರಾಜಿಲ್ಲ, ಸರದಿಯಿಲ್ಲ. ಮನೆಯಲ್ಲಿ ಹುಟ್ಟಿದವರು, ಇಲ್ಲವೇ ಮದುವೆಯಾಗಿ ಮನೆಗೆ ಬಂದವರು, ಅಷ್ಟೇ. ಹಾಗಾಗಿ ಒಳ್ಳೆಯ ಆಟಗಾರ್ತಿ ಬೇಕೆಂದರೆ ಹೆಣ್ಣು ನೋಡಲು ಹೋದಾಗಲೇ ಕಣ್ಣು ತೆರೆದಿರಬೇಕು. ಮಗ ಮಿಲನನಿಗೆ ಹೆಣ್ಣು ನೋಡಲು ಸಾಂತಪ್ಪ ಮೊದಲು ಹೋದದ್ದು ಚೇರಂಬಾಣೆಗೆ, ಮೋಕ್ಷಿತಾಳ ಮನೆಗೆ. ನಡುವೆ ನಿಂತು ಸಂಬಂಧ ತಂದವನು ಇದೇ ಕೂಸಪ್ಪ. ಮೋಕ್ಷಿತಾ ವಿಶ್ವವಿದ್ಯಾಲಯದ ತಂಡಕ್ಕೆ ಫಾರ್ವರ್ಡ್ ಆಡಿದ್ದವಳು. ಅವಳು ಕಾಫಿ ತಂದಿಟ್ಟು, ತಲೆ ತಗ್ಗಿಸುವ ಬದಲು ನೇರವಾಗಿ ಕೇಳಿದ್ದಳು: “ಹೋದ ವರ್ಷ ಸೆಮಿಫೈನಲ್‌ಲಿ ಮಿಲನನ್ನ ಯಾಕೆ ಗೋಲಿಗೆ ನಿಲ್ಸಿದ್ರಿ ಮಾವ? ಅವಂಗೆ ಚೆಂಡ್ ಕಂಡರೆ ಕಣ್ಣ್ ಮುಚ್ಚಿಹೋದು.”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಯ್ಕೆಯ ವಿಷಯದಲ್ಲಿ ಎದುರು ಮಾತಾಡುವವಳು ಮನೆಯೊಳಗೇ ಬಂದು ಕೂತರೆ ಗತಿಯೇನು? ಸಾಂತಪ್ಪ ಕಾಫಿ ಆರುವುದರೊಳಗೆ ತೀರ್ಮಾನಿಸಿದ್ದ. “ಜಾತಕ ಕೂಡಿ ಬಾತ್ಲೆ ಹೇಳ್,” ಎಂದು ಕೂಸಪ್ಪನಿಗೆ ನೆಪ ಹೇಳಿಕೊಟ್ಟು, ಮುಂದಿನ ವಾರ ಚೆಂಬಿಗೆ ಹೋಗಿ ಅಶ್ವಿತಾಳನ್ನು ಒಪ್ಪಿ ಬಂದ. ಆಟದ ಬಗ್ಗೆ ಕೇಳಿದಾಗ ಅವಳು, “ನಂಗೆ ಗೊತ್ತಿಲ್ಲೆ,” ಎಂದಿದ್ದಳು. ಆರು ತಿಂಗಳಲ್ಲಿ ಕೂಸಪ್ಪ ಮೋಕ್ಷಿತಾಳನ್ನು ತನ್ನ ಮಗನಿಗೇ ತಂದುಕೊಂಡ. ಅಲ್ಲಿಂದೀಚೆಗೆ ಕೂಸಪ್ಪನ ಹಲಸಿನಡ್ಕ ಮನೆಯ ತಂಡ ತೊರೆಮಜಲಿಗೆ ಸೋತದ್ದೇ ಇಲ್ಲ.

“ಮಾವ, ಬಿ.ಪಿ. ಮಾತ್ರೆ ಮರ್ತ್ ಬಂದಿದ್ರಿ.”

ಮೂವರೂ ತಿರುಗಿದರು. ಬಾಗಿಲಲ್ಲಿ ಅಶ್ವಿತಾ ನಿಂತಿದ್ದಳು. ಪೇಟೆಯ ಅಂಚೆ ಕಚೇರಿಯಲ್ಲಿ ಅವಳ ಕೆಲಸ. ಹೋಗುವ ದಾರಿಯಲ್ಲಿ ಇಳಿದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಾತ್ರೆಯ ಹಾಳೆಯನ್ನು ಬೆಂಚಿನ ಮೇಲಿಟ್ಟು, ಟಿ.ವಿ. ಕಡೆ ಒಮ್ಮೆ ನೋಡಿ ಹೊರಟುಹೋದಳು. ಪುಟ್ಟಸ್ವಾಮಿ ತಮ್ಮ ಟೇಪನ್ನು ಸುತ್ತತೊಡಗಿದರು, ಬಿಚ್ಚಿ ಮತ್ತೆ ಸುತ್ತಿದರು. ಸಾಂತಪ್ಪ ಸ್ಪ್ರಿಂಗು ಹುಡುಕಲು ಬೆಂಚಿನಡಿಗೆ ಹೋದ. ಆಟ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ.

ಸಂಜೆ ಅವನು ಮನೆಗೆ ಹೋಗಿ ಕೈಯ ಗ್ರೀಸು ತೊಳೆಯುತ್ತಿದ್ದಾಗ ಅಶ್ವಿತಾ ಟವೆಲು ತಂದುಕೊಟ್ಟಳು. ಸಿಟ್ಟೇನೂ ಕಾಣಲಿಲ್ಲ. ಪಾರ್ಸೆಲ್ ಎಷ್ಟು ತೂಕ ಎಂದು ಕೇಳುವ ದನಿಯಲ್ಲೇ ಕೇಳಿದಳು.

“ಮಾವ, ನಾ ಎಷ್ಟನೇ ನಂಬರ್‌ಲಿ ಬಂದದ್?”

“ಎಂತ?”

“ಆ ಆಸ್ಟ್ರೇಲಿಯಾದವುಕೆ ನಂಬರ್ ಇದ್ದದೆ ಅಲ್ಲಾ. ಮೂರನೇದ್, ಹತ್ತನೇದ್ ಹೇಳಿ. ನಂದ್ ಎಷ್ಟನೇದ್?”

ಸಾಂತಪ್ಪ ಮುಖ ಒರೆಸಿಕೊಂಡ. ಒರೆಸಿದಷ್ಟೂ ಒರೆಸುವುದಿತ್ತು. ಅಡುಗೆಮನೆಯಲ್ಲಿ ಹೆಂಡತಿ ಗಂಗಮ್ಮ ಸೌಟು ಆಡಿಸುವ ಸದ್ದು ನಿಂತಿತು. ಜಗಲಿಯಲ್ಲಿದ್ದ ಮಿಲನ್ ಮೊಬೈಲನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದ. ಎಸ್ಟೇಟೊಂದರಲ್ಲಿ ಕೂಲಿಲೆಕ್ಕ ಬರೆಯುವ ರೈಟರ್ ಆಗಿದ್ದ ಅವನಿಗೆ ಆಳುಗಳ ಜಗಳ ಬಿಡಿಸುವುದು ದಿನದ ಕೆಲಸವಾದರೂ ಮನೆಯ ಜಗಳದಲ್ಲಿ ಅವನು ಗೋಲ್‌ಕೀಪರೇ. ಚೆಂಡು ಬರುವುದು ಕಂಡರೆ ಕಣ್ಣು ಮುಚ್ಚುತ್ತಿದ್ದ.

“ಅದ್... ಮನೆಗೆ ಬರುವವುಕೆ ನಂಬರ್ ಎಲ್ಲ ಇದ್ದದೆನಾ ಅಶ್ವಿತಾ,” ಎಂದ ಸಾಂತಪ್ಪ.

“ನಿಮ್ಮ ಅಂಗಡಿಲಿ ಉಟ್ಟಲ್ಲಾ. ಯೋಚ್ನೆ ಮಾಡಿ ಹೇಳಿ, ಅವಸರ ಇಲ್ಲೆ,” ಎಂದು ಅವಳು ಟವೆಲು ತೆಗೆದುಕೊಂಡು ಒಳಗೆ ಹೋದಳು.

ಅವಸರವಿಲ್ಲ ಎಂಬುದೇ ದೊಡ್ಡ ಪೀಡೆಯಾಯಿತು. ಅವಳು ಮತ್ತೆ ಕೇಳಲೂ ಇಲ್ಲ, ಮೊದಲಿನಂತೆ ಕಾಫಿ ಕೊಟ್ಟಳು, ಮಾತ್ರೆ ನೆನಪಿಸಿದಳು. ಗಂಗಮ್ಮ ಮಾತ್ರ ಗಂಡನಿಗೆ ಅನ್ನ ಬಡಿಸುವಾಗ, “ಸಾಕಾ, ಇನ್ನೊಬ್ಬರ ಮನೆ ಅನ್ನ ಚಂದ ಕಂಡದೆನಾ?” ಎಂದು ಕೇಳಿ ತಟ್ಟೆಗೆ ಸೌಟು ಬಡಿಯುತ್ತಿದ್ದಳು. ಸಾಂತಪ್ಪ ಯೋಚಿಸಿದ. ಮೊದಲನೆಯದು ಎಂದರೆ ಸುಳ್ಳು, ಅವಳಿಗೂ ಗೊತ್ತು. ಎರಡನೆಯದು ಎಂದರೆ ನಿಜ, ಆದರೆ ಯಾವ ಸೊಸೆಗೆ ಅದನ್ನು ಹೇಳಲು ಬಾಯಿ ಬಂದೀತು? ಇದರ ನಡುವೆ ಅವನು ಒಪ್ಪಿಕೊಳ್ಳದ ಇನ್ನೊಂದು ಸಂಗತಿಯಿತ್ತು. ಕೂಸಪ್ಪ ಕೆಣಕಿದಾಗಲೆಲ್ಲ ಅವನಿಗೆ ಒಳಗೊಳಗೆ ತುಸು ಹೆಮ್ಮೆಯೇ ಆಗುತ್ತಿತ್ತು. ತಪ್ಪು ಮಾಡಿದ್ದಿರಬಹುದು, ಆದರೆ ಅಂಥ ಆಟಗಾರ್ತಿಯನ್ನು ಬೇಡವೆನ್ನುವ ಅಧಿಕಾರ ಕೈಯಲ್ಲಿತ್ತಲ್ಲ!

ತಡೆಯಲಾರದೆ ಒಂದು ಮಧ್ಯಾಹ್ನ ಹಲಸಿನಡ್ಕಕ್ಕೆ ಹೋದ. ಕೂಸಪ್ಪ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದ.

“ನೀ ಬಾಯಿ ಬುಟ್ಟದ್ದರಿಂದ ನಂಗೆ ಮನೇಲಿ ಕೂರಿಕಾದುಲೆ,” ಎಂದ ಸಾಂತಪ್ಪ. “ನಂಬರ್ ಕೇಳ್ತುಟ್ಟು ಆ ಗೂಡೆ. ಎಂತ ಹೇಳೊಕು?”

“ಮೊದಲ್ನೇದ್ ಹೇಳ್.”

“ಸುಳ್ಳಾದುಲೆನಾ?”

“ಸುಳ್ಳ್ ಎಂತಕೆ ಆದು?” ಎಂದವನೇ ಕೂಸಪ್ಪ ತಟ್ಟನೆ ಪೊರಕೆ ಎತ್ತಿಕೊಂಡು, ಅದಾಗಲೇ ಗುಡಿಸಿದ್ದ ಜಾಗವನ್ನು ಮತ್ತೆ ಗುಡಿಸಿದ. “ಅಂದರೆ, ಯಾರ್ ಲೆಕ್ಕ ಇಟ್ಟೊಳೊ ಹೇಳಿ ನಾ ಹೇಳ್ದದ್. ಹೋಗ್ ಹೋಗ್, ಮಳೆ ಬರುವಂಗೆ ಉಟ್ಟು, ಮೆಣಸ್ ಒಳಗೆ ಹಾಕೊಕು.”

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಆ ವಾರವೇ ಇನ್ನೊಂದು ತೊಂದರೆ ಬಂತು. ತೊರೆಮಜಲು ತಂಡಕ್ಕೆ ಆಡುತ್ತಿದ್ದ ಹುಡುಗಿಗೆ ಪರೀಕ್ಷೆ. ಬೇರೆ ಯಾರೆಂದು ಸಾಂತಪ್ಪ ತಲೆ ಕೆರೆದುಕೊಳ್ಳುತ್ತಿದ್ದಾಗ ಅಶ್ವಿತಾ, “ನಾ ಇದ್ದೇನೆ,” ಎಂದಳು.

“ನಿಂಗೆ ಆಟ ಗೊತ್ತಾ?”

“ಅಂಗಡಿಗೆ ಬಂದಾಗೆಲ್ಲ ನೋಡ್ದುಟ್ಟಲ್ಲಾ. ಮೂರ್ ವರ್ಷ ಆತ್.”

ಬೇಡವೆನ್ನಲು ಬಾಯಿ ತೆರೆದ ಸಾಂತಪ್ಪ ಪಟ್ಟಿಯಲ್ಲಿ ಅವಳ ಹೆಸರು ಬರೆದುಕೊಂಡ. ಈ ಹೊತ್ತಿನಲ್ಲಿ ಅವಳನ್ನು ತಂಡದಿಂದಲೂ ಕೈಬಿಟ್ಟರೆ ಆ ಮನೆಯಲ್ಲಿ ಅವನಿಗೆ ನೀರೂ ಸಿಗುತ್ತಿರಲಿಲ್ಲ. ಪುಟ್ಟಸ್ವಾಮಿ ಅವಳ ಅಳತೆಗೆ ಜೆರ್ಸಿ ಹೊಲಿದುಕೊಟ್ಟರು. ಬೆನ್ನಿಗೆ ಯಾವ ನಂಬರು ಹಾಕಲಿ ಎಂದು ಕೇಳಿದ್ದಕ್ಕೆ ಅವಳು, “ಮಾವನ್ನ ಕೇಳಿ,” ಎಂದಳಂತೆ. ಜೆರ್ಸಿ ನಂಬರಿಲ್ಲದೆಯೇ ಬಂತು.

ಭಾನುವಾರ ಮೂರ್ನಾಡಿನ ಮೈದಾನದಲ್ಲಿ ತೊರೆಮಜಲಿಗೆ ಬಿದ್ದ ಎದುರಾಳಿ ಹಲಸಿನಡ್ಕವೇ. ಮೋಕ್ಷಿತಾ ಕೂದಲು ಬಿಗಿದು ಕಟ್ಟಿಕೊಂಡು ಬಂದು, ಮೊದಲ ಹತ್ತು ನಿಮಿಷದಲ್ಲೇ ಎರಡು ಗೋಲು ಹೊಡೆದಳು. ಎರಡು ಸಲವೂ ಮಿಲನ್ ಕಣ್ಣು ಮುಚ್ಚಿದ. ಅಶ್ವಿತಾಳಿಗೆ ಸಾಂತಪ್ಪ ಹೇಳಿದ್ದು ಒಂದೇ ಮಾತು, ಮೋಕ್ಷಿತಾಳನ್ನು ಬಿಡಬೇಡ ಎಂದು. ಅವಳು ಅಕ್ಷರಶಃ ಬಿಡಲಿಲ್ಲ. ನೀರು ಕುಡಿಯಲು ಮೋಕ್ಷಿತಾ ಗೆರೆಯ ಹೊರಗೆ ಹೋದಾಗಲೂ ಪಕ್ಕದಲ್ಲೇ ಹೋಗಿ ನಿಂತಳು. ಜನ ನಕ್ಕರು. ಆದರೂ ಆಮೇಲೆ ಬಹಳ ಹೊತ್ತು ಗೋಲು ಬರಲಿಲ್ಲ, ಬದಲಿಗೆ ತೊರೆಮಜಲೇ ಒಂದು ಹೊಡೆಯಿತು. ಸಾಂತಪ್ಪ ಕುರ್ಚಿಯ ಅಂಚಿಗೆ ಸರಿದ. ಇನ್ನೊಂದು ಬಂದರೆ ಸಮ.

ಆಗ ಬಲಗಡೆಯ ಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು. ಗೋಲಿನ ಮುಂದೆ ಮೋಕ್ಷಿತಾ ತಲೆ ಕೊಡಲು ನೆಗೆದಳು. ಅವಳ ಹಿಂದಿನಿಂದ ಅಶ್ವಿತಾ ಓಡಿಬಂದು, ಮೋಕ್ಷಿತಾಳ ಬೆನ್ನಿಗೆ ಮೊಣಕಾಲು ಕೊಟ್ಟು ಅವಳಿಗಿಂತ ಮೇಲಕ್ಕೆ ಹಾರಿ, ಎರಡೂ ಕೈ ಚಾಚಿ ಚೆಂಡನ್ನು ಹಿಡಿದೇಬಿಟ್ಟಳು. ಹಿಡಿದು, ಎದೆಗೆ ಒತ್ತಿಕೊಂಡು ಇಳಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಒದೆಯಲು ಗುರಿ ನೋಡುತ್ತ ನಿಂತಳು.

ರೆಫರಿಗೆ ಸೀಟಿ ಊದಲು ಒಂದು ಗಳಿಗೆ ಬೇಕಾಯಿತು.

“ಮಾರ್ಕ್! ಎಂಥಾ ಮಾರ್ಕ್ ಹಿಡುದ್ಲು ಕಣ್ರಪ್ಪೋ!” ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿದವರು ಇಡೀ ಮೈದಾನದಲ್ಲಿ ಪುಟ್ಟಸ್ವಾಮಿ ಒಬ್ಬರೇ. ಇಲ್ಲ, ಇಬ್ಬರು. ಸಾಂತಪ್ಪ ತಾನೂ ಎದ್ದು ನಿಂತಿರುವುದನ್ನು ಆಮೇಲೆ ಗಮನಿಸಿದ. ಅಷ್ಟು ಒಳ್ಳೆಯ ಹಿಡಿತವನ್ನು ಅವನು ವೆಸ್ಟ್‌ಹೇವನ್‌ನ ಯಾವ ಆಟಗಾರನಿಂದಲೂ ನೋಡಿರಲಿಲ್ಲ. ತಪ್ಪಾಗಿದ್ದದ್ದು ಆಟವೊಂದೇ.

ಪೆನಾಲ್ಟಿ ಕೊಟ್ಟರು. ಮೋಕ್ಷಿತಾ ಹೊಡೆದಳು. ಮಿಲನ್ ಕಣ್ಣು ಮುಚ್ಚಿದ. ತೊರೆಮಜಲು ಒಂದಕ್ಕೆ ಮೂರರಿಂದ ಸೋತಿತು.

ಆಟ ಮುಗಿದ ಮೇಲೆ ಇಬ್ಬರು ಹುಡುಗಿಯರೂ ಹುಲ್ಲಿನ ಮೇಲೆ ಕೂತು ನಕ್ಕದ್ದೇ ನಕ್ಕದ್ದು. ಶಾಮಿಯಾನದ ಕೆಳಗೆ ಕೂಸಪ್ಪ ಮತ್ತು ಸಾಂತಪ್ಪ ಕಾಫಿ ಹಿಡಿದು ಕೂತಿದ್ದಲ್ಲಿಗೆ ಮೋಕ್ಷಿತಾ ಸೊಂಟ ಹಿಡಿದುಕೊಂಡು ಬಂದಳು.

“ನಿಮ್ಮ ಸೊಸೆ ನನ್ನ ಬೆನ್ನ್ ಮುರ್ದತ್ ಮಾವ,” ಎಂದಳು. “ಇನ್ನ್ ಮಿಲನನ್ನ ತೆಗ್ದ್ ಅಶ್ವಿತಾನ್ನೇ ಗೋಲಿಗೆ ನಿಲ್ಸಿ. ನಾ ಅಂದೇ ಹೇಳಿದ್ದೆ.”

“ಹೇಳಿದ್ದೆ, ನೀ ಹೇಳಿದ್ದೆ,” ಎಂದ ಸಾಂತಪ್ಪ.

“ಅಂದ್ ನಾ ಬೇಡ ಹೇಳಿ ಕಳ್ಸಿದ್ದಕ್ಕೆ ನಿಮ್ಗೆ ಬೇಜಾರ್ ಇಲ್ಲೆ ಅಲ್ಲಾ? ನಂಗೆ ಹೆದ್ರಿಕೆ ಇತ್ತು. ಟೀಮ್ ಆರ್ಸುವವ್ವೇ ಮಾವ ಆದರೆ ದಿನಾ ಜಗಳ ಹೇಳಿ. ನೀವು ಮತ್ತೂ ಇಷ್ಟ್ ಪ್ರೀತಿಲಿ ಮಾತಾಡಿಸಿರಿ, ಅದ್ ದೊಡ್ಡದ್.”

ಯಾರೋ ಕರೆದರೆಂದು ಅವಳು ಓಡಿದಳು. ಸಾಂತಪ್ಪ ನಿಧಾನವಾಗಿ ಕೂಸಪ್ಪನ ಕಡೆ ತಿರುಗಿದ. ಕೂಸಪ್ಪ ಕಾಫಿಯೊಳಗೆ ಬಿದ್ದ ಯಾವುದೋ ಹುಳವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಹುಳವಿರಲಿಲ್ಲ.

“ಯಾವಾಗ ಹೇಳಿತ್ತು ಆ ಗೂಡೆ?”

“ನೀವೆಲ್ಲ ಗೇಟ್ ದಾಟುವ ಮೊದ್ಲೇ,” ಎಂದ ಕೂಸಪ್ಪ, ತಗ್ಗಿದ ದನಿಯಲ್ಲಿ. “ನಾ ನಿಂಗೆ ಹೇಳಿಕೆ ಬಂದರೆ ನೀನೇ ಮೊದ್ಲು ಜಾತಕ ಹೇಳ್ದೆ. ಸರಿ, ಎರಡ್ ಕಡೆಗೂ ಒಂದೇ ಜಾತಕ ಸಾಕಾತ್ ಹೇಳಿ ಸುಮ್ಮನೆ ಆದೆ.”

ಮೂರು ವರ್ಷದ ಶನಿವಾರಗಳೆಲ್ಲ ಸಾಂತಪ್ಪನ ಕಣ್ಣ ಮುಂದೆ ಹಾದುಹೋದವು. ಇಡೀ ಊರು ಅವನನ್ನು ಕಣ್ಣಿಲ್ಲದ ಆಯ್ಕೆಗಾರನೆಂದು ಆಡಿಕೊಂಡು ನಕ್ಕಿತ್ತು. ನಗಿಸಿದವನು ಕೂಸಪ್ಪನೇ. ಹುಡುಗಿಯೇ ಬೇಡವೆಂದಳು ಎಂಬ ಮಾತು ಮಾತ್ರ ಆ ನಗುವಿನ ಹಿಂದಿನಿಂದ ಒಮ್ಮೆಯೂ ಇಣುಕಿರಲಿಲ್ಲ. ಅವನು ಲೋಟ ಕೆಳಗಿಡುವಷ್ಟರಲ್ಲಿ ಹಲಸಿನಡ್ಕದ ನೆಂಟರ ಗುಂಪೊಂದು ಶಾಮಿಯಾನಕ್ಕೆ ನುಗ್ಗಿತು.

“ಸಾಂತಪ್ಪಣ್ಣ, ನಿಮ್ಮ ಕೈತಪ್ಪಿದ ಗೂಡೆ ಮೂರ್ ಗೋಲ್ ಹೊಡ್ತ್ ಅಲ್ಲಾ!” ಎಂದು ಯಾರೋ ಕೂಗಿದರು.

ಕೂಸಪ್ಪ ತಲೆಯೆತ್ತಲಿಲ್ಲ.

“ಕೈತಪ್ಪಿದ್ದಲ್ಲ ಮಾರಾಯ,” ಎಂದ ಸಾಂತಪ್ಪ, ಎಲ್ಲರಿಗೂ ಕೇಳುವಂತೆ. “ನಾನೇ ಬುಟ್ಟದ್. ನಂದೇ ತಪ್ಪ್. ಇನ್ನೂ ಎಷ್ಟ್ ವರ್ಷ ಹೇಳಿರಿ ನೋಡ್ವೊ.”

ಕೂಸಪ್ಪನ ಕಾಫಿ ಒಂದೇ ಗುಟುಕಿಗೆ ಮುಗಿಯಿತು.

ವಾಪಸು ಬರುವಾಗ ಪಿಕಪ್ಪಿನಲ್ಲಿ ಅಶ್ವಿತಾ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. ಚೆಂಡು ಬಡಿದು ಉಂಗುರದ ಬೆರಳು ಬಾತುಕೊಂಡಿತ್ತು. ಮದುವೆಯ ಉಂಗುರ ಒಳಗೆ ಕಚ್ಚಿ ಕೂತು ಬೆರಳ ತುದಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಸಾಂತಪ್ಪ ನಾಪೋಕ್ಲಿನಲ್ಲಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಷಟರ್ ಎತ್ತಿದ. ಪುಟ್ಟಸ್ವಾಮಿ ತಮ್ಮ ಅಂಗಡಿ ತೆರೆದು ದಾರದ ಉರುಳೆ ಕೊಟ್ಟು, ಮಿಲನನನ್ನು ಕರೆದುಕೊಂಡು ಐಸ್ ಹುಡುಕಲು ಹೋದರು.

ಸಾಂತಪ್ಪ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಬೆರಳಿಗೆ ತುಸು ಸೋಪು ಹಚ್ಚಿದ. ದಾರದ ಒಂದು ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಉಳಿದ ದಾರವನ್ನು ಉಂಗುರದ ಅಂಚಿನಿಂದ ಬೆರಳ ಗಂಟಿನವರೆಗೆ ಒತ್ತೊತ್ತಾಗಿ ಸುತ್ತತೊಡಗಿದ. ಊತ ದಾರದಡಿ ಅಡಗಬೇಕು. ಆಮೇಲೆ ಕೆಳಗಿನ ತುದಿಯಿಂದ ಬಿಚ್ಚುತ್ತ ಬಂದರೆ ಉಂಗುರ ತಾನಾಗಿ ಮುಂದಕ್ಕೆ ಸರಿಯುತ್ತದೆ. ತಲೆ ಬಗ್ಗಿಸಿಕೊಂಡೇ ಹೇಳಿದ.

“ಅಶ್ವಿತಾ, ಅಂದ್ ನೀ ಕೇಳಿದ್ದೆ ಅಲ್ಲಾ.”

“ಹ್ಞೂಂ.”

“ನಂಬರ್ ಕೊಡಿಕೆ ನನ್ನ ಹತ್ರ ಎಂತ ಇತ್ತಿಲ್ಲೆ. ಮೊದ್ಲು ಹೋದ ಮನೇಲಿ ನಮ್ಮನ್ನೇ ಬೇಡ ಹೇಳಿದ್ದೊ. ನಂಗೆ ಇಂದ್ ಗೊತ್ತಾತ್.”

ಹೊರಗೆ ಬಸ್ಸೊಂದು ಹಾದುಹೋಯಿತು. ಅವನು ದಾರವನ್ನು ಇನ್ನೊಂದು ಸುತ್ತು ಬಿಗಿಯಾಗಿ ಎಳೆದ.

“ತುಂಬಾ ನೋಯ್ತುಟ್ಟು,” ಎಂದಳು ಅಶ್ವಿತಾ.

“ಈಗ ನೋವಿಲ್ಲೆ ಬುಡ್. ಕೇಳ್ದಾಗ ಒಂದಿಷ್ಟ್ ಆತ್.”

“ನಿಮ್ಗಲ್ಲ ಮಾವ. ಬೆರಳಿಗೆ. ದಾರ ಸಡ್ಲ ಮಾಡಿ.”

ಅವನು ಗಡಿಬಿಡಿಯಲ್ಲಿ ಸಡಿಲಿಸಿದ. ಅವಳು ಉಸಿರು ಬಿಟ್ಟು, ಬೆಂಚಿನ ಮೇಲಿನ ಬಿಚ್ಚಿದ ಪಂಪುಗಳನ್ನು ನೋಡುತ್ತ ಕೂತಳು.

“ನಮ್ಮಲ್ಲಿಗೂ ನಿಮ್ಮಿಂದ ಮೊದ್ಲು ಮೂರ್ ಮನೆಯವು ಬಂದಿದ್ದೊ,” ಎಂದಳು.

“ಮತ್ತೆ?”

“ಮತ್ತೆ ಎಂತ. ಕಾಪಿ ಕುಡ್ದ್ ಹೋದೊ.”

ಸಾಂತಪ್ಪನ ಕೈ ನಿಂತಿತು. “ನಮ್ಮಲ್ಲಿ ಎಂತ ಕಂಡತ್ ನಿಂಗೆ?”

“ಅದೆಲ್ಲ ಹೇಳಿಕಾದುಲೆ ಮಾವ. ಆಯ್ಕೆ ಮಾಡ್ದವು ಕಾರಣ ಹೇಳಿಕೆ ಹೋದರೆ ಮುಗ್ತ್,” ಎಂದು ಅವಳು ನಕ್ಕಳು.

ಅವನು ಕೆಳಗಿನ ತುದಿ ಹಿಡಿದು ದಾರ ಬಿಚ್ಚತೊಡಗಿದ. ಒಂದೊಂದೇ ಸುತ್ತು ಬಿಚ್ಚಿದಂತೆ ಉಂಗುರ ಕೂದಲೆಳೆಯಷ್ಟು ಮುಂದೆ ಬಂತು, ಗಂಟಿನ ಮೇಲೆ ಏರಿ ನಿಂತಿತು, ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು, ಮರುಕ್ಷಣ ಅದು ಜಾರಿ ಅವನ ಅಂಗೈಗೆ ಬಿತ್ತು. ಅವಳು ಬೆರಳನ್ನು ಮಡಚಿ ಬಿಡಿಸಿ ನೋಡಿಕೊಂಡಳು.

“ಊತ ಇಳಿಯುವವರೆಗೆ ನಿಮ್ಮ ಹತ್ರನೇ ಇರ್ಲಿ,” ಎಂದು ಐಸಿಗಾಗಿ ಹೊರಗೆ ಹೋದಳು.

ಸಾಂತಪ್ಪ ಉಂಗುರ ಹಿಡಿದು ಅಂಗಡಿಯ ನಡುವೆ ನಿಂತ. ಬೆಂಚಿನ ಮೇಲೆ ವಾಷರುಗಳ ಡಬ್ಬಿಯಿತ್ತು, ನಟ್ಟುಗಳ ಡಬ್ಬಿಯಿತ್ತು. ಅಲ್ಲೆಲ್ಲೂ ಇಡಲು ಮನಸ್ಸಾಗಲಿಲ್ಲ. ಅದಕ್ಕೆ ಹತ್ತಿದ್ದ ಸೋಪನ್ನು ಪಂಚೆಯ ಶುಚಿಯಾದ ಅಂಚಿನಲ್ಲಿ ಒರೆಸಿ, ಅಂಗಿಯ ಜೇಬಿಗೆ ಹಾಕಿ, ಗುಂಡಿ ಹಾಕಿದ. ಮನೆಯವರೆಗೆ ಗಾಡಿಯನ್ನು ಮಿಲನ್ ಓಡಿಸಿದ. ರಸ್ತೆಯ ಗುಂಡಿ ಬಂದಾಗಲೆಲ್ಲ ಸಾಂತಪ್ಪನ ಕೈ ಜೇಬಿನ ಮೇಲೆ ಬಂದು ಕೂರುತ್ತಿತ್ತು. ಕೊನೆಗೆ ಅಲ್ಲೇ ಉಳಿಯಿತು.